ಒಮಾನಿನ ಹಳ್ಳಿಯಲ್ಲಿ ಮನೆ ಮಾಡಿದರೆ: ಅಲ್ಲಿನ ಹೆಂಗಸರ ನಡುವೆ ಬದುಕೋದು ಹೇಗೆ

ಗಲ್ಫ್ ಅಂದ ಕೂಡಲೇ ನಮ್ಮವರಿಗೆ ದುಬೈನ ಎತ್ತರದ ಕಟ್ಟಡಗಳು ಕಣ್ಣ ಮುಂದೆ ಬರುತ್ತವೆ. ನನಗೆ ಸಿಕ್ಕಿದ್ದು ಒಮಾನಿನ ಒಳನಾಡು. ಮಸ್ಕತ್‌ನಿಂದ ಸುಮಾರು 160 ಕಿಲೋಮೀಟರ್ ಒಳಗೆ ನಿಝ್ವಾ ಇದೆ. ಅದನ್ನು ದಾಟಿ ಬಹ್ಲಾ, ಅಲ್ ಹಮ್ರಾ ಕಡೆ ಹೋದರೆ ಬೋಳು ಬೆಟ್ಟದ ಬುಡದಲ್ಲಿ ಖರ್ಜೂರದ ತೋಟ, ತೋಟದ ಅಂಚಿಗೆ ಊರು. ಗಂಡನಿಗೆ ನಿಝ್ವಾದ ಒಂದು ಕಾಲೇಜಿನಲ್ಲಿ ಕೆಲಸ, ಪೇಟೆಯಲ್ಲಿ ಬಾಡಿಗೆ ಜಾಸ್ತಿ ಅಂತ ಹಳ್ಳಿಯಲ್ಲಿ ಮನೆ ಹಿಡಿದೆವು. ಅವರು ಬೆಳಿಗ್ಗೆ ಏಳಕ್ಕೆ ಕಾರು ಹತ್ತಿದರೆ ಆಮೇಲೆ ನಾನು, ನಾಲ್ಕು ಗೋಡೆ, ಎಸಿ. ಹೀಗೆ ಮೂರು ವರ್ಷ.

ಈಗ ಆ ಕಡೆ ಹೊರಟಿರುವ ಹೆಣ್ಣುಮಕ್ಕಳು ಆಗಾಗ ಕೇಳುತ್ತಾರೆ, ಹೇಗಿದ್ರಿ, ಬೇಜಾರಾಗಲಿಲ್ವಾ, ಬುರ್ಖಾ ಹಾಕಬೇಕಾ ಅಂತ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಇದು ಒಳನಾಡಿನ ಒಂದು ಹಳ್ಳಿಯ ಲೆಕ್ಕ. ಕರಾವಳಿಯ ಸೊಹಾರ್‌ನಲ್ಲೋ ದಕ್ಷಿಣದ ಸಲಾಲಾದಲ್ಲೋ ರೀತಿ ಬೇರೆ ಇರುತ್ತದೆ.

ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ನಾವು ಅವರನ್ನು ನೋಡಿ "ಪಾಪ, ಮನೆಯೊಳಗೇ ಇರುತ್ತಾರೆ" ಅಂದುಕೊಂಡು ಹೋಗುತ್ತೇವೆ. ಅವರು ನಮ್ಮನ್ನು ನೋಡಿ ಅದಕ್ಕಿಂತ ಜಾಸ್ತಿ ಪಾಪ ಅಂದುಕೊಳ್ಳುತ್ತಾರೆ. ಅಮ್ಮ ಇಲ್ಲ, ಅಕ್ಕ ಇಲ್ಲ, ಅತ್ತೆ ಇಲ್ಲ, ಒಬ್ಬಳೇ ಊಟ ಮಾಡುತ್ತಾಳೆ! ಈ ಕನಿಕರವೇ ನಿಮಗೆ ಒಳಗೆ ಹೋಗುವ ಬಾಗಿಲು. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

1. ಬಟ್ಟೆ

ಬುರ್ಖಾ ಬೇಡ. ಸಲ್ವಾರ್ ಕಮೀಜ್ ಸಾಕು: ಉದ್ದ ತೋಳು, ಮೊಣಕಾಲು ದಾಟುವ ಕಮೀಜು, ಮೇಲೊಂದು ದೊಡ್ಡ ದುಪಟ್ಟಾ. ಅಲ್ಲಿನ ಹೆಂಗಸರ ಹಳೇ ಉಡುಗೆಯೂ ಹೆಚ್ಚುಕಡಿಮೆ ಇದೇ, ಮೇಲೆ ಬಣ್ಣದ ಉದ್ದ ಅಂಗಿ, ಕೆಳಗೆ ಸಿರ್ವಾಲ್ ಅನ್ನುವ ಪೈಜಾಮ, ತಲೆಗೆ ಹೂವಿನ ಚಿತ್ರದ ತೆಳು ಹತ್ತಿಬಟ್ಟೆ. ಹೊರಗೆ ಹೊರಟಾಗ ಮೇಲೆ ಕಪ್ಪು ಅಬಾಯಾ, ಅಂದರೆ ಮೈತುಂಬ ಮುಚ್ಚುವ ನಿಲುವಂಗಿ. ಒಳಗೆ ಎಷ್ಟು ಬಣ್ಣ ಅಂತ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಸೀರೆ ಉಟ್ಟು ಬೀದಿಯಲ್ಲಿ ಓಡಾಡಬೇಡಿ, ಸೊಂಟ ಕಾಣುತ್ತದೆ. ಆದರೆ ಎರಡು ಸೀರೆ ತಗೊಂಡು ಹೋಗಿ. ಹೆಂಗಸರೇ ಇದ್ದಾಗ ಉಡಿಸು ಅಂತ ಕೇಳಿಯೇ ಕೇಳುತ್ತಾರೆ. ಒಂದು ಮಧ್ಯಾಹ್ನ ನಾನು ಆರು ಜನರಿಗೆ ಒಂದೇ ಸೀರೆ ಉಡಿಸಿದ್ದೇನೆ, ಒಬ್ಬರಾದ ಮೇಲೆ ಒಬ್ಬರಿಗೆ. ನೆರಿಗೆ ಹಿಡಿದೂ ಹಿಡಿದೂ ಬೆರಳು ನೋವು.

ಇನ್ನೊಂದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೊದಲ ವಾರ ಅಂಗಡಿ ಹತ್ತಿರ ಒಬ್ಬಾಕೆ ನನ್ನನ್ನು ಯಾರ ಮನೆ ಕೆಲಸದವಳು ಅಂತ ಕೇಳಿದಳು. ಕೆಟ್ಟ ಮನಸ್ಸಿನಿಂದಲ್ಲ. ಆ ಊರಿನಲ್ಲಿ ಒಂಟಿಯಾಗಿ ನಡೆದು ಹೋಗುವ ಹೊರದೇಶದ ಹೆಂಗಸು ಅಂದರೆ ಮನೆಕೆಲಸಕ್ಕೆ ಬಂದವಳು, ಅಷ್ಟೇ ಅವರಿಗೆ ಗೊತ್ತಿರುವುದು. ನನಗೆ ಸಿಟ್ಟು ಬಂತು. ಆಮೇಲೆ ಆ ಸಿಟ್ಟಿನ ಬಗ್ಗೆಯೇ ನಾಚಿಕೆ ಆಯಿತು. ಪಕ್ಕದ ಮನೆಯ ಅಜ್ಜಿ ಕೊಟ್ಟ ಪರಿಹಾರ ಸರಳ: ಕೈಗೆ ಎರಡು ಬಂಗಾರದ ಬಳೆ ಹಾಕು, ಮೊದಲ ತಿಂಗಳು ಎಲ್ಲಿಗೆ ಹೋದರೂ ನನ್ನ ಜೊತೆ ಬಾ. ಹಾಗೇ ಮಾಡಿದೆ. ನೀವೂ ಹಾಗೇ ಮಾಡಿ. ಮತ್ತೆ ಯಾವ ಮನೆಗೆ ಹೋದರೂ ಅಲ್ಲಿ ಕೆಲಸಕ್ಕಿರುವ ಹುಡುಗಿಗೂ ಸಲಾಂ ಹೇಳಿ. ಅವಳೂ ನಿಮ್ಮ ಹಾಗೇ ಮನೆ ಬಿಟ್ಟು ಬಂದವಳು, ನಿಮಗಿರುವ ಸೌಕರ್ಯ ಅವಳಿಗಿಲ್ಲ, ಅಷ್ಟೇ.

2. ಮಾತು

ಪುಸ್ತಕದ ಅರಬ್ಬಿ ಕಲಿತು ಹೋದರೆ ನಗುತ್ತಾರೆ. ಹೆಂಗಸಿಗೆ "ಹೇಗಿದ್ದೀಯ" ಅನ್ನಲು ಅಲ್ಲಿ "ಕೇಫ್ ಹಾಲಿಶ್" ಅನ್ನುತ್ತಾರೆ, ಆ ಕೊನೆಯ "ಇಶ್" ಮುಖ್ಯ. ನಿನ್ನ ಹೆಸರೇನು ಅಂದರೆ "ಮೋ ಇಸ್ಮಿಶ್". ಹಳ್ಳಿಯ ಹಿರಿಯರ ಬಾಯಲ್ಲಿ ಜ ಅನ್ನುವುದು ಗ ಆಗುತ್ತದೆ, ನೀರಿನ ಕಾಲುವೆ ಫಲಜ್ ಹೋಗಿ ಫಲಗ್. ಇದು ಗೊತ್ತಿಲ್ಲದೆ ನಾನು ಒಂದು ತಿಂಗಳು ಅವು ಎರಡು ಬೇರೆ ಬೇರೆ ಅಂತ ತಿಳಿದಿದ್ದೆ.

ಭೇಟಿಯಾದಾಗ ಕುಶಲ ಕೇಳುವುದು ಒಂದು ಸಲಕ್ಕೆ ಮುಗಿಯುವುದಿಲ್ಲ. ಹೇಗಿದ್ದೀಯ, ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಸುದ್ದಿ ಏನು. ಸುದ್ದಿಗೆ ಉತ್ತರ "ಮಾ ಶೇ ಉಲೂಮ್", ಅಂದರೆ ಏನೂ ಸುದ್ದಿ ಇಲ್ಲ. ಊರಲ್ಲಿ ಏನೇ ಆಗಿದ್ದರೂ ಮೊದಲ ಉತ್ತರ ಇದೇ. ನಿಜವಾದ ಸುದ್ದಿ ಕಾಫಿ ಆದ ಮೇಲೆ ಬರುತ್ತದೆ.

ದಾರಿಯಲ್ಲಿ "ಹೇನ್ ಸಾಯ್ರಾ" ಅಂತ ಕೇಳುತ್ತಾರೆ, ಎಲ್ಲಿಗೆ ಹೊರಟೆ ಅಂತ. ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಅಂತ ಕೇಳಿದರೆ ಅಪಶಕುನ, ಹೋದ ಕೆಲಸ ಆಗುವುದಿಲ್ಲ ಅನ್ನುತ್ತಾರೆ ಅಲ್ವಾ, ಹಾಗಾಗಿ ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದು ವಿಚಾರಣೆ ಅಲ್ಲ, ಮಾತಾಡಿಸುವ ಬಗೆ. ಅಂಗಡಿಗೆ ಅಂದರೆ ಮುಗಿಯಿತು.

ಅರಬ್ಬಿ ಬರದಿದ್ದರೆ ಹಿಂದಿ ನಡೆಯುತ್ತದಾ? ಸ್ವಲ್ಪ. ಅರಬ್ಬಿಗೆ ಡಬ್ ಆದ ಹಿಂದಿ ಧಾರಾವಾಹಿ ನೋಡುವ ಹುಡುಗಿಯರು ಎರಡು ಮಾತು ಆಡುತ್ತಾರೆ. ಆದರೆ ಕೆಲವು ಅಜ್ಜಿಯರ ಬಾಯಲ್ಲಿ ಸ್ವಾಹಿಲಿ ಕೇಳಿ ನಾನು ಬೆಚ್ಚಿಬಿದ್ದೆ. ಒಳನಾಡಿನ ಎಷ್ಟೋ ಕುಟುಂಬಗಳು ಝಾಂಝಿಬಾರ್‌ನಲ್ಲಿ ಬದುಕಿದ್ದವು. 1964ರ ಕ್ರಾಂತಿಯಲ್ಲಿ ಅಲ್ಲಿಂದ ಓಡಿಬಂದವರು, 1970ರಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದ ಮೇಲೆ ಮರಳಿದವರು ಬಹಳ. ಹಾಗಾಗಿ "ಹೊರಗಿನವಳು" ಅನ್ನುವುದು ಆ ಊರಿನಲ್ಲಿ ನೀವೊಬ್ಬರೇ ಅಲ್ಲ.

3. ಕಾಫಿ, ಅಂದರೆ ಇಡೀ ಬದುಕು

ಇದನ್ನು ಗಮನವಿಟ್ಟು ಓದಿ, ಉಳಿದದ್ದನ್ನು ಬಿಟ್ಟರೂ ಪರವಾಗಿಲ್ಲ.

ಗಂಡಸರು, ಮಕ್ಕಳು ಹೊರಟ ಮೇಲೆ, ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ನೆರೆಮನೆಯ ಹೆಂಗಸರು ಯಾವುದಾದರೂ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಸಂಜೆ ಅಸರ್ ನಮಾಜಿನ ಮೇಲೆ ಇನ್ನೊಂದು ಸುತ್ತು. ಇದಕ್ಕೆ ಕರೆಯೋಲೆ ಇರುವುದಿಲ್ಲ. ನೀವು ಹೋಗಬೇಕು.

ಬಾಗಿಲು ತೆರೆದಿದ್ದರೂ ನೇರ ಒಳಗೆ ಹೋಗಬಾರದು. ಹೊರಗೆ ನಿಂತು "ಹೂದ್" ಅಂತ ಕೂಗಿ. ಒಳಗಿಂದ "ಕರ್ರಿಬಿ" ಅಂತ ಕೇಳಿದರೆ ಹೋಗಿ, ಹತ್ತಿರ ಬಾ ಅಂತ ಅರ್ಥ. ಈ ಕೂಗಿನಿಂದ ಒಳಗೆ ಗಂಡಸರಿದ್ದರೆ ಸರಿದುಕೊಳ್ಳಲು, ತಲೆಗೆ ಬಟ್ಟೆ ಹಾಕಿಕೊಳ್ಳಲು ಸಮಯ ಸಿಗುತ್ತದೆ. ಚಪ್ಪಲಿ ಹೊರಗೆ. ಒಳಗೆ ಹೋದ ಮೇಲೆ ಸಲಾಂ ಹೇಳಿ, ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸಿ. ಹದಿನೈದು ಜನ ಇದ್ದರೆ ಹದಿನೈದೂ ಜನಕ್ಕೆ. ದೂರದಿಂದ ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹಾಕಿ ಕೂತರೆ ಜಂಬ ಅಂದುಕೊಳ್ಳುತ್ತಾರೆ. ಕೂರುವುದು ನೆಲದ ಮೇಲೆ, ಅಂಗಾಲು ಯಾರ ಕಡೆಗೂ ಚಾಚದ ಹಾಗೆ. ಇದನ್ನು ನಮಗೆ ಹೇಳಿಕೊಡಬೇಕಾಗಿಲ್ಲ.

ಮೊದಲು ಹಣ್ಣು ಬರುತ್ತದೆ, ಅಥವಾ ಒಮಾನಿ ಹಲ್ವಾ, ಇಲ್ಲವೇ ಖರ್ಜೂರ. ಆಮೇಲೆ ಕಾಫಿ. ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಹಾಕಿದ ಕಹಿ ಕಷಾಯ, ಖರ್ಜೂರದ ಜೊತೆಗೇ ಕುಡಿಯಬೇಕು. ಬಡಿಸುವವಳು ಸಾಮಾನ್ಯವಾಗಿ ಮನೆಯ ಕಿರಿಯ ಹುಡುಗಿ, ಎಡಗೈಯಲ್ಲಿ ಕಾಫಿಯ ಹೂಜಿ ಅಥವಾ ಥರ್ಮಾಸು, ಬಲಗೈಯಲ್ಲಿ ಫಿಂಜಾನ್, ಅಂದರೆ ಹಿಡಿ ಇಲ್ಲದ ಪುಟ್ಟ ಬಟ್ಟಲು.

ಇಲ್ಲಿದೆ ನಮ್ಮವರಿಗೆ ನಿಜವಾದ ಪರೀಕ್ಷೆ. ಹನ್ನೆರಡು ಜನರಿಗೆ ಬಟ್ಟಲು ನಾಲ್ಕೇ ನಾಲ್ಕು. ಒಬ್ಬಳು ಕುಡಿದು ಕೊಟ್ಟದ್ದನ್ನು ಆ ಹುಡುಗಿ ಪಕ್ಕದ ಬೋಗುಣಿಯ ನೀರಿನಲ್ಲಿ ಅದ್ದಿ, ಒಮ್ಮೆ ಜಾಡಿಸಿ, ಅದರಲ್ಲೇ ನಿಮಗೆ ಸುರಿಯುತ್ತಾಳೆ. ಹತ್ತು ಸುತ್ತು ಆದ ಮೇಲೆ ಆ ನೀರೂ ಕಾಫಿಯ ಬಣ್ಣಕ್ಕೆ ಬಂದಿರುತ್ತದೆ. ಎಂಜಲು, ಮುಸುರೆ ಅಂತ ಅಜ್ಜಿಯಿಂದ ಬೈಸಿಕೊಂಡು ಬೆಳೆದ ನನಗೆ ಗಂಟಲು ಕಟ್ಟಿತು. ಎಲ್ಲರ ಕಣ್ಣೂ ನನ್ನ ಮೇಲೆ. ಕುಡಿದೆ. ಮೂರು ವರ್ಷ ಕುಡಿದೆ, ಏನೂ ಆಗಲಿಲ್ಲ. ನಿಮಗೆ ಆಗುವುದೇ ಇಲ್ಲ ಅಂದರೆ ಕಾಫಿ ಕುಡಿಯುವುದಿಲ್ಲ ಅಂತ ಮೊದಲ ದಿನವೇ ಹೇಳಿ ಖರ್ಜೂರ ಮಾತ್ರ ತಿನ್ನಿ. ಬ್ಯಾಗಿನಿಂದ ಸ್ವಂತ ಲೋಟ ತೆಗೆಯುವ ಕೆಲಸ ಮಾತ್ರ ದಯವಿಟ್ಟು ಬೇಡ. ನಮ್ಮೂರಲ್ಲಿ ಬೇರೆ ಲೋಟ ಇಟ್ಟರೆ ಏನರ್ಥ ಅಂತ ನಮಗೆ ಚೆನ್ನಾಗಿ ಗೊತ್ತಿದೆ.

ಬಟ್ಟಲು ಬಲಗೈಯಲ್ಲೇ ತೆಗೆದುಕೊಳ್ಳಿ, ಬಲಗೈಯಲ್ಲೇ ಕೊಡಿ. ಸಾಕು ಅಂದರೆ ಕೊಡುವಾಗ ಬಟ್ಟಲನ್ನು ಆ ಕಡೆ ಈ ಕಡೆ ಸ್ವಲ್ಪ ಅಲ್ಲಾಡಿಸಿ. ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾಳೆ. ಒಂದೇ ಬಟ್ಟಲಿಗೆ ಸಾಕು ಅನ್ನಬೇಡಿ, ಎರಡು ಮೂರು ಸರಿ.

ಕೆಲವು ಮನೆಗಳಲ್ಲಿ, ಅದರಲ್ಲೂ ಔತಣ ಇದ್ದಾಗ, ಕೊನೆಗೆ ಕೆಂಡದ ಮೇಲೆ ಲುಬಾನ್ ಅಥವಾ ಬಖೂರ್ ಹಾಕಿ ಹೊಗೆ ಹಿಡಿಯುತ್ತಾರೆ. ಲುಬಾನ್ ಅಂದರೆ ದಕ್ಷಿಣದ ಧೋಫಾರ್‌ನಲ್ಲಿ ಮರದಿಂದ ಬರುವ ಧೂಪದ ಅಂಟು, ಬಖೂರ್ ಅಂದರೆ ಸುಗಂಧ ಬೆರೆಸಿದ ಧೂಪ. ತಲೆಬಟ್ಟೆಗೆ, ಕೂದಲಿಗೆ ಹೊಗೆ ತಾಗಿಸಿಕೊಂಡು ಪಕ್ಕದವರಿಗೆ ದಾಟಿಸಿ. ಆಮೇಲೆ ಏಳಿ. ಧೂಪ ಆದ ಮೇಲೆ ಕೂರುವಂತಿಲ್ಲ ಅಂತ ಅರಬ್ಬರಲ್ಲಿ ಗಾದೆಯೇ ಇದೆ. ನಮ್ಮ ಕಡೆ ಅರಿಸಿನ ಕುಂಕುಮ ಕೊಟ್ಟ ಮೇಲೆ ಹೊರಡುವ ಹಾಗೆ.

4. ತಟ್ಟೆಯ ಲೆಕ್ಕ

ನಾಲ್ಕನೇ ದಿನ ಎದುರು ಮನೆಯಿಂದ ಒಂದು ತಟ್ಟೆ ಬಂತು. ಮೇಲೆ ಬಟ್ಟೆ ಮುಚ್ಚಿತ್ತು, ಒಳಗೆ ಖುಬ್ಝ್ ರಖಾಲ್, ಕಾಯ್ದ ಹೆಂಚಿನ ಮೇಲೆ ಹಿಟ್ಟನ್ನು ಕೈಯಲ್ಲೇ ತೆಳ್ಳಗೆ ಸವರಿ ಮಾಡುವ ಗರಿಗರಿ ರೊಟ್ಟಿ, ಜೊತೆಗೆ ಜೇನುತುಪ್ಪ. ತಂದ ತಟ್ಟೆಯನ್ನು ಖಾಲಿ ಕಳಿಸಬಾರದು ಅನ್ನುವುದು ನಮಗೆ ಹಾಲಿನ ಜೊತೆ ಬಂದ ಬುದ್ಧಿ. ನಾನು ಜಾಣೆ ಅಂದುಕೊಂಡು, ತಟ್ಟೆ ತೊಳೆದು, ಮನೆಯಲ್ಲಿದ್ದ ರವೆ ಉಂಡೆ ಜೋಡಿಸಿ ಅರ್ಧ ಗಂಟೆಯಲ್ಲಿ ವಾಪಸ್ ಕೊಟ್ಟುಬಂದೆ.

ಆಕೆಯ ಮುಖ ಸಣ್ಣದಾಯಿತು. ಯಾಕೆ ಅಂತ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಪಕ್ಕದ ಅಜ್ಜಿಯೇ ಹೇಳಿದ್ದು: ಅಷ್ಟು ಬೇಗ ವಾಪಸ್ ಕೊಟ್ಟರೆ ಅಂಗಡಿ ಲೆಕ್ಕ ತೀರಿಸಿದ ಹಾಗೆ. ನಿನ್ನ ಋಣ ನನಗೆ ಬೇಡ ಅಂದ ಹಾಗೆ. ತಟ್ಟೆ ನಿಮ್ಮ ಅಡುಗೆಮನೆಯಲ್ಲಿ ಎರಡು ಮೂರು ದಿನ ಇರಲಿ. ಆಮೇಲೆ ಏನಾದರೂ ಮಾಡಿ ಕೊಂಡೊಯ್ಯಿರಿ, ಕೊಟ್ಟು ಬಾಗಿಲಿಂದಲೇ ತಿರುಗಬೇಡಿ, ಕೂತು ಬನ್ನಿ. ಆ ಮಧ್ಯದ ದಿನಗಳಲ್ಲಿ ನಿಮ್ಮಿಬ್ಬರ ನಡುವೆ ಒಂದು ಬಾಕಿ ಇರುತ್ತದಲ್ಲ, ಅದೇ ನೆಂಟಸ್ತನ.

ಭೇಟಿಗೂ ಇದೇ ಲೆಕ್ಕ. ಯಾರ ಮನೆಗೆ ಎಷ್ಟು ಸಲ ಹೋದಿರಿ, ಯಾರು ಬಂದರು, ಎಲ್ಲ ಅವರ ತಲೆಯಲ್ಲಿ ಇರುತ್ತದೆ. ಒಂದು ಮನೆಗೆ ಮಾತ್ರ ಅಂಟಿಕೊಂಡರೆ ಉಳಿದವರು ಮಾತಾಡುತ್ತಾರೆ. ನಾನು ಒಂದು ಸಲ ತಲೆನೋವು ಅಂತ ನಾಲ್ಕು ದಿನ ಬಾಗಿಲು ಹಾಕಿಕೊಂಡು ಪುಸ್ತಕ ಓದುತ್ತ ಮಲಗಿದ್ದೆ, ಆಹಾ ಎಂಥ ಸುಖ. ಐದನೇ ದಿನ ಏಳು ಜನ ಕಾಫಿ, ಥರ್ಮಾಸು, ಮಕ್ಕಳ ಸಮೇತ ನನ್ನ ಮಲಗುವ ಕೋಣೆಗೇ ಬಂದು ಕೂತರು. ಒಬ್ಬಳೇ ಇರಬೇಕು ಅನಿಸುವುದು ಅವರಿಗೆ ಕಾಯಿಲೆಯ ಲಕ್ಷಣ. ಏಕಾಂತ ಬೇಕಿದ್ದರೆ "ಮನೆಗೆ ಫೋನ್ ಮಾಡಬೇಕು, ಅಮ್ಮ ಕಾಯುತ್ತಿದ್ದಾರೆ" ಅನ್ನಿ. ಅಮ್ಮ ಅಂದರೆ ಯಾರೂ ತಡೆಯುವುದಿಲ್ಲ.

5. ಕೇಳುವ ಪ್ರಶ್ನೆಗಳು

ಸಂಬಳ ಎಷ್ಟು, ಈ ಬಳೆ ಎಷ್ಟು, ಮಕ್ಕಳು ಯಾಕಿಲ್ಲ, ತಪ್ಪು ಯಾರದು, ಡಾಕ್ಟರ್ ಹತ್ತಿರ ಹೋದಿರಾ. ಮೊದಲ ಭೇಟಿಯಲ್ಲೇ. ನಮ್ಮ ಊರ ಮದುವೆಮನೆಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. "ಇನ್‌ಶಾಅಲ್ಲಾಹ್", ಅಂದರೆ ದೇವರು ಮನಸ್ಸು ಮಾಡಿದರೆ, ಅನ್ನುವ ಒಂದು ಮಾತು ಎಂಟಾಣೆ ಪ್ರಶ್ನೆಗಳನ್ನು ಮುಗಿಸುತ್ತದೆ. ಎಷ್ಟೋ ಒಮಾನಿಗಳು ಚಿಕಿತ್ಸೆಗೆ ಭಾರತಕ್ಕೆ ಬರುತ್ತಾರೆ, ಹಾಗಾಗಿ ಬೆಂಗಳೂರು ಅಂದ ಕೂಡಲೇ ಯಾವ ಆಸ್ಪತ್ರೆ ಒಳ್ಳೆಯದು ಅಂತ ಕೇಳುತ್ತಾರೆ. ಗೊತ್ತಿದ್ದರೆ ಮಾತ್ರ ಹೇಳಿ.

ಧರ್ಮದ ಪ್ರಶ್ನೆ ಬಂದೇ ಬರುತ್ತದೆ. ಸುಳ್ಳು ಹೇಳಬೇಡಿ. ಹಿಂದೂ ಅಂದೆ. ಒಂದಿಬ್ಬರು ಮುಸ್ಲಿಂ ಆಗು ಅಂದರು, ನನ್ನ ಒಳ್ಳೆಯದಕ್ಕೇ ಅಂದರು, ನಾನು ನಕ್ಕು "ದೇವರು ನೋಡಿಕೊಳ್ಳಲಿ" ಅಂದೆ. ಒಮಾನಿಗೆ ಹಿಂದೂಗಳು ಹೊಸಬರಲ್ಲ. ಮಸ್ಕತ್‌ನಲ್ಲಿ ದೇವಸ್ಥಾನಗಳಿವೆ, 2021ರಲ್ಲಿ ತೀರಿಕೊಂಡ ವ್ಯಾಪಾರಿ ಕನಕ್ಸಿ ಖಿಮ್ಜಿಯವರಿಗೆ ಸುಲ್ತಾನರು ಶೇಖ್ ಪದವಿಯನ್ನೇ ಕೊಟ್ಟಿದ್ದರು. ಒಳನಾಡಿನವರು ಹೆಚ್ಚಾಗಿ ಇಬಾದಿ ಅನ್ನುವ ಮುಸ್ಲಿಂ ಪಂಥದವರು, ನಮಾಜಿನಲ್ಲಿ ಕೈ ಕಟ್ಟದೆ ಪಕ್ಕಕ್ಕೆ ಬಿಟ್ಟು ನಿಲ್ಲುತ್ತಾರೆ. ಮಾತಿನ ಮಧ್ಯೆ ಒಬ್ಬೊಬ್ಬರೇ ಎದ್ದು ಮೂಲೆಯಲ್ಲಿ ನಮಾಜು ಮಾಡಿ ಬರುತ್ತಾರೆ. ಆಗ ಅವರ ಮುಂದೆ ಹಾದು ಹೋಗಬೇಡಿ.

ಮಗುವನ್ನು ಹೊಗಳುವ ಮೊದಲು "ಮಾಶಾಅಲ್ಲಾಹ್" ಅನ್ನಿ. ನಮ್ಮ ಹಾಗೇ ದೃಷ್ಟಿಯ ಭಯ. ಗುಂಡುಗುಂಡಾಗಿದೆ ಅಂತ ಬರಿದೇ ಹೇಳಿ, ರಾತ್ರಿ ಆ ಮಗುವಿಗೆ ಜ್ವರ ಬಂದರೆ ನಿಮ್ಮ ಹೆಸರೇ ಬರುತ್ತದೆ.

ಯಾರು ಯಾರ ಮನೆಗೆ ಹೋಗುವುದಿಲ್ಲ, ಯಾರು ಯಾವಾಗಲೂ ಬಾಗಿಲ ಹತ್ತಿರ ಕೂರುತ್ತಾರೆ ಅನ್ನುವುದನ್ನು ನೀವು ಗಮನಿಸುತ್ತೀರಿ. ಗಮನಿಸಿ, ಕೇಳಬೇಡಿ. ಗುಲಾಮಗಿರಿ ಅಲ್ಲಿ ಕಾನೂನಿನಲ್ಲಿ ನಿಂತಿದ್ದು 1970ರಲ್ಲಿ. ಮನೆತನ, ಬುಡಕಟ್ಟಿನ ಮೇಲುಕೀಳು ಅಷ್ಟು ಬೇಗ ಹೋಗಿಲ್ಲ. ಜಾತಿ ನೋಡಿ ಬೆಳೆದ ನಾವು ಇದನ್ನು ಎರಡೇ ದಿನದಲ್ಲಿ ಹಿಡಿಯುತ್ತೇವೆ, ಮತ್ತೆ ಅದೇ ಚಟಕ್ಕೆ ಬೀಳುವ ಅಪಾಯವೂ ನಮಗೇ ಜಾಸ್ತಿ. ಬಾಗಿಲ ಹತ್ತಿರ ಕೂತವಳ ಮನೆಗೂ ಹೋಗಿ.

6. ಸಸ್ಯಾಹಾರಿಗಳು ಏನು ಮಾಡಬೇಕು

"ಮಾ ಆಕುಲ್ ಲಹಮ್" ಅಂದರೆ ಮಾಂಸ ತಿನ್ನುವುದಿಲ್ಲ ಅಂತ. ಅಷ್ಟಕ್ಕೇ ನಿಂತರೆ ಕೋಳಿ ಬರುತ್ತದೆ. ಕೋಳಿಯೂ ಬೇಡ ಅಂದರೆ ಮೀನು ಬರುತ್ತದೆ. ಮೂರನ್ನೂ ಒಟ್ಟಿಗೆ ಹೇಳಿ. ದೊಡ್ಡ ಹರಿವಾಣದಲ್ಲಿ ಎಲ್ಲರೂ ಸುತ್ತ ಕೂತು ಒಂದೇ ಕಡೆ ಉಣ್ಣುವಾಗ ನಿಮ್ಮ ಮುಂದಿನ ಅನ್ನದ ಮೇಲಿನ ಮಾಂಸವನ್ನು ಪ್ರೀತಿಯಿಂದ ಆ ಕಡೆ ಸರಿಸಿ "ಈಗ ತಿನ್ನು" ಅನ್ನುತ್ತಾರೆ. ನನಗೆ ಅದು ಆಗಲಿಲ್ಲ. ರೊಟ್ಟಿ, ಜೇನು, ಮೊಸರು, ಬೇಳೆ ಸಾರು ಸಿಗುತ್ತದೆ, ಅದರಲ್ಲೇ ಹೊಟ್ಟೆ ತುಂಬುತ್ತದೆ. ಈದ್‌ಗೆ ಊರಿನವರೆಲ್ಲ ಮಸಾಲೆ ಹಚ್ಚಿದ ಮಾಂಸದ ಮೂಟೆಗಳನ್ನು ಒಂದೇ ಕೆಂಡದ ಗುಂಡಿಯಲ್ಲಿ ಹೂತು, ಒಂದೆರಡು ದಿನ ಬಿಟ್ಟು ತೆಗೆಯುತ್ತಾರೆ. ಅದು ಶುವಾ. ತಿನ್ನದಿದ್ದರೂ ಗುಂಡಿ ತೆಗೆಯುವಾಗ ಹೋಗಿ ನಿಲ್ಲಿ.

ರಂಜಾನ್ ತಿಂಗಳಲ್ಲಿ ಹಗಲು ಹೊರಗೆ ನೀರನ್ನೂ ಕುಡಿಯಬೇಡಿ, ಕಾನೂನು ಪ್ರಕಾರವೂ ತಪ್ಪು. ಆ ತಿಂಗಳು ಭೇಟಿಯೆಲ್ಲ ರಾತ್ರಿ.

7. ನೀರು

ಫಲಜ್ ಅಂದರೆ ಬೆಟ್ಟದ ಬುಡದಿಂದ ಊರಿಗೆ ತಾನಾಗಿ ಹರಿದುಬರುವ ಕಾಲುವೆ. ಒಮಾನಿನ ಐದು ಫಲಜ್‌ಗಳು 2006ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿವೆ, ನಿಝ್ವಾದ ದಾರಿಸ್ ಅದರಲ್ಲೊಂದು. ಮೇಲ್ಗಡೆ ಕುಡಿಯುವ ನೀರು, ಆಮೇಲೆ ಮಸೀದಿ, ಗಂಡಸರ ಸ್ನಾನ, ಹೆಂಗಸರ ಸ್ನಾನ ಮತ್ತು ಬಟ್ಟೆ, ಕೊನೆಗೆ ತೋಟ. ತೋಟದ ನೀರಿಗೆ ಪಾಳಿ ಇದೆ, ಅಥರ್ ಅಂದರೆ ಅರ್ಧ ಗಂಟೆಯ ಪಾಲು. ಮನೆಯಲ್ಲಿ ನಲ್ಲಿ, ವಾಷಿಂಗ್ ಮಷೀನ್ ಇದ್ದರೂ ಕೆಲವು ಹೆಂಗಸರು ಪಾತ್ರೆ ಹೊತ್ತು ಅಲ್ಲಿಗೇ ಹೋಗುತ್ತಾರೆ. ಮಾತಿಗಾಗಿ. ನೀವು ಹೋದರೆ ಮೇಲ್ಗಡೆ ಸೋಪು ಮುಟ್ಟಿಸಬೇಡಿ.

8. ಹುಟ್ಟು, ಸಾವು

ಬಾಣಂತಿಗೆ ನಲವತ್ತು ದಿನ. ತುಪ್ಪ, ಜೇನು, ಮೆಂತ್ಯ ಕೊಡುತ್ತಾರೆ. ನೋಡಲು ಬಂದವರು ಮಗುವಿನ ಪಕ್ಕ ಒಂದೆರಡು ರಿಯಾಲ್ ಇಡುತ್ತಿದ್ದರು, ನಾನೂ ಇಟ್ಟೆ. ಒಂದು ದಿನ ನಮ್ಮ ಬಾಣಂತಿಯರಿಗೆ ಅಂಟಿನ ಉಂಡೆಗೆ ಉತ್ತತ್ತಿ ಹಾಕುತ್ತೇವೆ ಅಂತ ಫೋನಿನಲ್ಲಿ ಚಿತ್ರ ತೋರಿಸಿದೆ. ಅಜ್ಜಿ ಜೋರಾಗಿ ನಕ್ಕರು. ಅದು ಅವರ ಮಬ್ಸಲಿ ಖರ್ಜೂರವಂತೆ, ಹಣ್ಣಾಗುವ ಮೊದಲೇ ಕಿತ್ತು, ದೊಡ್ಡ ಹಂಡೆಯಲ್ಲಿ ಕುದಿಸಿ, ಬಿಸಿಲಿಗೆ ಹರಡಿ ಒಣಗಿಸುವುದು, ಹೆಚ್ಚಿನದು ಹೋಗುವುದೇ ಭಾರತಕ್ಕೆ. ಚಿಕ್ಕವಳಿದ್ದಾಗ ಆ ಹಂಡೆಗೆ ಸೌದೆ ಹಾಕುತ್ತಿದ್ದೆ ಅಂದರು.

ಯಾವ ಕಾಫಿ ತಪ್ಪಿಸಿದರೂ ಸಾವಿನ ಮನೆ ತಪ್ಪಿಸಬೇಡಿ. ಮೂರು ದಿನ ಕೂರುತ್ತಾರೆ. ಸಾದಾ ಬಟ್ಟೆ, ಬಂಗಾರ ಬೇಡ, ಸುಗಂಧ ಬೇಡ. "ಅಹ್ಸನ್ ಅಲ್ಲಾಹ್ ಅಝಾಕುಮ್", ಅಂದರೆ ದೇವರು ನಿಮಗೆ ಸಮಾಧಾನ ಕೊಡಲಿ, ಅಂತ ಹೇಳಿ, ಸುಮ್ನೆ ಕೂತು, ಒಂದು ಕಾಫಿ ಕುಡಿದು ಏಳಿ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುತ್ತಾಳೆ. ಮೊದಲ ಮೂರು ದಿನ ಎಲ್ಲರೂ ಹೋಗುತ್ತಾರೆ. ಆಮೇಲಿನ ತಿಂಗಳುಗಳಲ್ಲೂ ಹೋಗುತ್ತ ಇರಿ.

9. ಫೋನು, ಗಂಡ, ಉಳಿದ ಸಣ್ಣಪುಟ್ಟ

ಹೆಂಗಸರ ಫೋಟೋ ತೆಗೆಯಬೇಡಿ, ಅವರೇ ಕೇಳಿ ತೆಗೆಸಿಕೊಂಡರೂ ಅವರೆದುರೇ ಅಳಿಸಿ. ಮನೆಯಲ್ಲಿ ಕೇಳಿದ್ದನ್ನು ಗಂಡನಿಗೆ ಹೇಳಬೇಡಿ. ಅವರು ಅದನ್ನು ಊರಿನ ಸಬ್ಲಾದಲ್ಲಿ, ಗಂಡಸರು ಸೇರುವ ಜಾಗದಲ್ಲಿ, ಗೊತ್ತಿಲ್ಲದೆ ಆಡಿಬಿಟ್ಟರೆ ನಿಮ್ಮ ಮೂರು ತಿಂಗಳ ಕಾಫಿ ನೀರಿಗೆ ಹೋಯಿತು. ಗಂಡ ನಿಮ್ಮನ್ನು ಕರೆದುಕೊಂಡು ಹೋಗಲು ಬಂದರೆ ಕಾರಿನಲ್ಲೇ ಕೂತು ಫೋನ್ ಮಾಡಲಿ. ಅಲ್ಲಿನ ಗಂಡಸರು ಎದುರಾದರೆ "ನಿಮ್ಮ ಹೆಂಡತಿ ಹೇಗಿದ್ದಾರೆ" ಅಂತ ಕೇಳಬಾರದು, ಮನೆಯವರೆಲ್ಲ ಹೇಗಿದ್ದಾರೆ ಅನ್ನಬೇಕು. ಇದು ನಮ್ಮ ಹಳೇ ಕಾಲದ ಗಂಡಸರಿಗೆ ತಾನಾಗೇ ಬರುತ್ತದೆ.

ರಜೆಗೆ ಊರಿಗೆ ಹೋದಾಗ ತರಬೇಕಾದದ್ದು: ಮೈಸೂರ್ ಸ್ಯಾಂಡಲ್ ಸೋಪು, ತೆಳು ಹತ್ತಿಬಟ್ಟೆ, ಏಲಕ್ಕಿ. ಏಲಕ್ಕಿಗೆ ಸಿಗುವ ಮರ್ಯಾದೆ ಬೇರೆ ಯಾವುದಕ್ಕೂ ಇಲ್ಲ. ಎಲ್ಲ ಮನೆಗೂ ಒಂದೇ ಅಳತೆಯಲ್ಲಿ ಪೊಟ್ಟಣ ಕಟ್ಟಿ, ಯಾಕೆಂದರೆ ಹೋಲಿಸಿ ನೋಡುತ್ತಾರೆ. ಹೊರಡುವಾಗ ಪ್ರತಿ ಮನೆಗೂ ಹೋಗಿ ಹೇಳಿ ಬನ್ನಿ, ಇದಕ್ಕೆ ಎರಡು ದಿನ ಇಟ್ಟುಕೊಳ್ಳಿ. ಪೆಟ್ಟಿಗೆ ಕಟ್ಟುವಾಗ ಕನಿಷ್ಠ ಐದು ಕೆಜಿ ಜಾಗ ಬಿಡಿ. ಖರ್ಜೂರದ ಡಬ್ಬಗಳು ಬರುತ್ತವೆ, ಅದೂ ಕಾರು ಸ್ಟಾರ್ಟ್ ಆದ ಮೇಲೆ, ಕಿಟಕಿಯಿಂದ.